ಹೊರಗೇರಿಯ ದುಭಾಷಿ ಸಾಲೊಮನ್ ಪ್ಲಾಟ್ಯೆ

ಊರ ಹೊರಗೊಂದು ಕೇರಿಯೆಂಬುದು ನಮ್ಮ ದೇಶಕ್ಕೆ ಹೊಸತಲ್ಲ. ಆದರೆ ತನ್ನ ಪೂರ್ವಜರ ನೆಲದಲ್ಲೆದ್ದ ಪಟ್ಟಣಕ್ಕೆ ಮೂಲನಿವಾಸಿಯೇ ಪರಕೀಯನಾಗುವ ಪರಿಯನ್ನು ಅರಿಯಬೇಕಾದರೆ ದಕ್ಷಿಣ ಆಫ್ರಿಕೆಯ ಸಾಲೊಮನ್ ಪ್ಲಾಟ್ಯೆಯವರ ಚರಿತ್ರೆಯನ್ನು ನೋಡತಕ್ಕದ್ದು.

ಬರೋಲಾಂಗ್ ಕುಲದ ಪ್ಲಾಟ್ಯೆಯವರು 1876ರಲ್ಲಿ ಜನಿಸಿದರು. ಜರ್ಮನ್ ಪಾದ್ರಿಗಳ ಶಾಲೆಯಲ್ಲಿ ದೊರೆತ ಅಲ್ಪ ವಿದ್ಯೆಯೊಡನೆ 1894ರಲ್ಲಿ ಕಿಂಬರ್ಲಿಗೆ ಬಂದು ಟಪಾಲು ಇಲಾಖೆಯ ನೌಕರರಾದರು. ಆ ವಜ್ರದ ಪಟ್ಟಣದಲ್ಲಿ ಗಣಿಯ ಕರಿಯ ಕೂಲಿಗಳನ್ನು, ವಜ್ರ ಕದ್ದಾರೆಂಬ ನೆವದಿಂದ, ಕರಾರು ತೀರುವವರೆಗೆ ಆವರಣಗಳೊಳಗೆ ಕೂಡಿಹಾಕುತ್ತಿದ್ದರು. ಅಕ್ಷರ ಬಲ್ಲ ಕೆಲವರಿಗೆ ಮಾತ್ರ ನಾನಾ ಜನಾಂಗಗಳು ಬೆರೆತಿದ್ದ ಮಲಾಯ್ ಕೇರಿಯಂಥಲ್ಲಿ ವಾಸ, ಕಿಂಚಿತ್ ಮರ್ಯಾದೆ. ಕರಿಯರೊಳಗೂ ಭೇದವಿಲ್ಲದಿರಲಿಲ್ಲ: 1898ರಲ್ಲಿ ಬೇರೆ ಕುಲದ ಎಲಿಜಬೆತ್ತರನ್ನು ವರಿಸಲು ಎರಡು ಮನೆಯವರೂ ಒಪ್ಪಲಿಲ್ಲ. ವಿವಾಹವೇನೋ ನಡೆಯಿತು.

ಅದೇ ವರ್ಷ ಅವರು ಮಾಫೆಕಿಂಗಿನ ನ್ಯಾಯಾಲಯದಲ್ಲಿ ದುಭಾಷಿಗಳಾದರು. ಮರುವರ್ಷ ಬೋಅರರು ಆ ಊರಿಗೆ 217 ದಿವಸ ಮುತ್ತಿಗೆ ಹಾಕಿದರು. ಬಿಳಿಯರ ಪಟ್ಟಣ, ಬರೋಲಾಂಗರ ಊರು ಪಕ್ಕಪಕ್ಕದಲ್ಲಿದ್ದುವು. ಗುಂಡು ಎರಡರ ಮೇಲೂ ಬಿದ್ದಿತು, ಪಡಿ ಮಾತ್ರ ಸಮವಾಗಿ ಬೀಳಲಿಲ್ಲ. ಹಸಿವಿನಿಂದ ಸತ್ತವರು ಕರಿಯರು. ಕೀರ್ತಿ ಬಂದದ್ದು ಸೇನಾನಿ ಬೇಡನ್ ಪೊವೆಲ್ಲರಿಗೆ. ಪ್ಲಾಟ್ಯೆಯವರು ಬರೆದಿಟ್ಟ ದಿನಚರಿಯು 1973ರವರೆಗೆ ಅಚ್ಚಾಗಲಿಲ್ಲ.

ಮುಂದೆ ಅವರು ಪತ್ರಿಕಾ ಸಂಪಾದಕರಾದರು. 1912ರಲ್ಲಿ ಸ್ಥಾಪಿತವಾದ ಆಫ್ರಿಕನರ ಕಾಂಗ್ರೆಸ್ಸಿಗೆ ಪ್ರಥಮ ಕಾರ್ಯದರ್ಶಿಗಳಾದರು. 1913ರ ಭೂಶಾಸನವು ಬಹುಸಂಖ್ಯಾತರಾದ ಕರಿಯರಿಗೆ ದೇಶದ ನೆಲದಲ್ಲಿ ಸುಮಾರು ಶೇಕಡಾ 7ನ್ನು ಮಾತ್ರ ಉಳಿಸಿತು. 1914ರಲ್ಲಿ ನಿಯೋಗದೊಡನೆ ಲಂಡನ್ನಿಗೆ ಹೋಗಿ ಮೊರೆಯಿಟ್ಟರು. ಸಾಮ್ರಾಜ್ಯ ಸರಕಾರವು ಕೈ ಹಾಕಲೊಲ್ಲದೆ ಹೋಯಿತು. ಮೊರೆಗೆ ಸಾಮ್ರಾಜ್ಯ ಕೊಡುವ ಉತ್ತರವು ನಮಗೂ ಪರಿಚಿತವೇ. 1916ರಲ್ಲಿ ಅವರು ಗ್ರಂಥವನ್ನೇ ಬರೆದು ಆ ಶಾಸನದ ಕ್ರೌರ್ಯವನ್ನು ಲೋಕದ ಮುಂದಿಟ್ಟರು. ಹೊಲ ಬಿಟ್ಟವನು ಪಟ್ಟಣ ಸೇರಿದರೆ ಅಲ್ಲಿಯೂ ನೆಲೆಯಿಲ್ಲ: 1923ರ ನಗರಶಾಸನವು ಅವನನ್ನು ಪ್ರತ್ಯೇಕ ಕೇರಿಗಳಲ್ಲಿರಿಸುವ ಅಧಿಕಾರವನ್ನು ನಗರಸಭೆಗಳಿಗೆ ಒಪ್ಪಿಸಿತು.

ಕೊನೆಯ ವರ್ಷಗಳಲ್ಲಿ ಷೇಕ್ಸ್‌ಪಿಯರನನ್ನು ತಮ್ಮ ಸ್ವಾನ ಭಾಷೆಗೆ ತಂದರು. 1930ರಲ್ಲಿ ಅವರ ಇಂಗ್ಲಿಷ್ ಕಾದಂಬರಿ ‘ಮ್ಹೂಡಿ’ ಪ್ರಕಟವಾಯಿತು.

1932ರ ಜೂನ್ 19ರಂದು ಜೋಹಾನ್ಸ್‌ಬರ್ಗಿನ ಕ್ಲಿಪ್‌ಸ್ಪ್ರೂಟ್ ಕೇರಿಯಲ್ಲಿ ಅವರು ತೀರಿಕೊಂಡರು. ಪಿಮ್‌ವಿಲ್ ಎಂದು ಪ್ರಸಿದ್ಧವಾದುದು ಅದೇ. ಅದು ಹುಟ್ಟಿದ ಬಗೆಯಲ್ಲಿ ನಮ್ಮವರ ಪಾಲೂ ಉಂಟು. 1904ರಲ್ಲಿ ಆ ನಗರದ ಹಿಂದೀಯರ ಕೇರಿಯಲ್ಲಿ ಪ್ಲೇಗು ಬಿದ್ದಾಗ ಗಾಂಧೀಜಿಯವರು ರೋಗಿಗಳ ಶುಶ್ರೂಷೆ ಮಾಡಿದರು. ನಗರಸಭೆಯು ಕೇರಿಯನ್ನು ಸುಟ್ಟು, ಜನರನ್ನು ಹತ್ತು ಮೈಲಿಗೂ ಆಚೆ, ಪಟ್ಟಣದ ಮಲಿನ ಜಲವನ್ನು ಹರಿಯಬಿಡುತ್ತಿದ್ದ ಬಯಲಿನ ಪಕ್ಕಕ್ಕೆ ಸಾಗಿಸಿತು. ಕರಿಯರನ್ನು ಅಲ್ಲಿಯೇ ನೆಲೆಗೊಳಿಸಲಾಯಿತು. ಪ್ಲಾಟ್ಯೆಯವರ ಶವವನ್ನು ಅಲ್ಲಿಂದ ಕಿಂಬರ್ಲಿಗೆ ಒಯ್ದು ಹೂಳಿದರು.