ಸಸ್ಯವಿಜ್ಞಾನಿ ಡಾ. ಬಿ. ಜಿ. ಎಲ್. ಸ್ವಾಮಿ

ಷಡಕ್ಷರದೇವನ ಗದ್ದುಗೆಯಿಂದ ಪುನೀತವಾದ ಯಳಂದೂರಿನ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು ಹಬ್ಬಿದೆ. ಅಲ್ಲಿ ಸೋಲಿಗರು ದೇವರೆಂದು ಪೂಜಿಸುವ ದೊಡ್ಡಸಂಪಿಗೆಯ ಮಹಾವೃಕ್ಷವನ್ನು ಕಂಡವರೆಲ್ಲರೂ ಅದರ ಎತ್ತರಕ್ಕೆ ಬೆರಗಾಗುವರು. ನೆಲದ ನೀರು ಅಷ್ಟೆತ್ತರಕ್ಕೆ ಏರುವ ಮಾರ್ಗವನ್ನು ಕುರಿತು ಚಿಂತಿಸುವವರು ವಿರಳ. ಸಸ್ಯದೊಳಗಿನ ಆ ಜಲಮಾರ್ಗದ ಅಧ್ಯಯನದಲ್ಲಿ ಜಗತ್ತಿನ ವಿದ್ವಾಂಸರ ಮನ್ನಣೆಗೆ ಪಾತ್ರರಾದ ಕನ್ನಡಿಗರು ಕೀರ್ತಿಶೇಷ ಡಾ. ಬಿ. ಜಿ. ಎಲ್. ಸ್ವಾಮಿಯವರು.

ಸ್ವಾಮಿಯವರು 1918ರಲ್ಲಿ ಜನಿಸಿದರು. ತಂದೆ ಡಿ. ವಿ. ಗುಂಡಪ್ಪನವರು. ಅಂಥ ತಂದೆಯ ಮಗನಾಗಿ ಹುಟ್ಟುವುದು ಭಾಗ್ಯವೂ ಹೌದು, ಭಾರವೂ ಹೌದು. ಮಗನು ತಂದೆಯ ಹೆಸರಿನ ನೆರಳಿನಲ್ಲಿ ನಿಲ್ಲದೆ ಸಸ್ಯಶಾಸ್ತ್ರವನ್ನು ಆಯ್ದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತು, ಆರ್ಕಿಡ್ ಸಸ್ಯಗಳ ಭ್ರೂಣರಚನೆಯನ್ನು ವರ್ಷಗಟ್ಟಲೆ ಪರಿಶೀಲಿಸಿ, 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಅನಂತರ ಅಮೆರಿಕದ ಹಾರ್ವರ್ಡಿಗೆ ತೆರಳಿ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿದರು.

ಅವರ ಶೋಧದ ಬೆಲೆಯನ್ನು ತಿಳಿಯಲು ಬೇರಿನಿಂದಲೇ ತೊಡಗಬೇಕು. ಬೇರಿನ ತುದಿಗೆ ತುಸು ಹಿಂದೆ, ಹೊರಚರ್ಮದ ಒಂದೊಂದು ಕಣವೇ ಎಳೆಯಾಗಿ ನೀಳ್ದು ಬೇರುರೋಮವಾಗುತ್ತದೆ. ಅದು ಮಣ್ಣಿನ ಕಣಗಳ ಸಂದಿಯಲ್ಲಿ ನುಸುಳಿ ನೀರನ್ನೂ, ರಂಜಕದಂತೆ ಇದ್ದಲ್ಲಿಂದ ಸುಲಭವಾಗಿ ಕದಲದ ಸತ್ತ್ವಗಳನ್ನೂ ಹೀರುತ್ತದೆ. ಅದರ ಆಯುಸ್ಸು ಅತ್ಯಲ್ಪ. ಹಳೆಯವು ಉದುರಿದಂತೆ ಮುಂದೆ ಸಾಗುವ ತುದಿಯ ಹಿಂದೆ ಹೊಸವು ಮೂಡುತ್ತಲೇ ಇರುತ್ತವೆ. ಹನೂರು, ಕೊಳ್ಳೇಗಾಲದ ಸೀಮೆಯಲ್ಲಿ ರಾಗಿಯ ಪೈರನ್ನು ಕಿತ್ತು ನಾಟಿ ಮಾಡಿದವರು, ಅದು ಮೊದಲು ಬಾಡಿ ಆಮೇಲೆ ಚೇತರಿಸಿಕೊಳ್ಳುವುದನ್ನು ಬಲ್ಲರು. ಕೀಳುವಾಗ ಹರಿದ ರೋಮಗಳ ಸ್ಥಾನದಲ್ಲಿ ಹೊಸವು ಹುಟ್ಟಿದ ಮೇಲೆಯೇ ಪೈರಿಗೆ ಜೀವ. 1937ರಲ್ಲಿ ಡಿಟ್ಮರ್ ಎಂಬ ವಿಜ್ಞಾನಿ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುರೋಮಗಳನ್ನು ಲೆಕ್ಕಹಾಕಿದಾಗ ಅವುಗಳ ಸಂಖ್ಯೆ ಸುಮಾರು 1400 ಕೋಟಿಯಾಯಿತು!

ಹೀಗೆ ಹೀರಿದ ನೀರು ಬೇರಿನ ನಡುವಿಗೆ ಸೇರಿ, ಅಲ್ಲಿಂದ ಮೇಲೇರುವುದು. ಹೆಚ್ಚಿನ ಹೂಗಿಡಗಳಲ್ಲಿ ಅದಕ್ಕೆ ನಾಳಗಳುಂಟು. ಒಂದರ ಮೇಲೊಂದು ನಿಂತ ಕಣಗಳ ಅಡ್ಡಗೋಡೆಗಳು ತೂತಾಗಿ ಕೊಳವೆಯಂತಾಗುತ್ತವೆ. ಪೈನ್ ಮೊದಲಾದ ಮರಗಳಲ್ಲಿ ಅಂಥ ಕೊಳವೆಯಿಲ್ಲ. ಮುಚ್ಚಿದ ಕಣದಿಂದ ಕಣಕ್ಕೆ ನೀರು ತೆಳುಪೊರೆಯ ಮೂಲಕ ಸಾಗಬೇಕು. ಸಾರ್ಕಾಂಡ್ರಾ ಎಂಬ ಪುಟ್ಟ ಪೊದೆಯು ಹೂಗಿಡವಾಗಿದ್ದೂ ನಾಳರಹಿತವಾದುದೆಂದು ಸ್ವಾಮಿಯವರೂ ಬೈಲಿಯವರೂ 1950ರಲ್ಲಿ ಪ್ರಕಟಪಡಿಸಿದರು. ಹೂಗಿಡಗಳ ಮೂಲವನ್ನು ಅರಸುತ್ತಿದ್ದವರಿಗೆ ಇದು ಮಹತ್ತ್ವದ ಸಂಗತಿಯಾಯಿತು. 1953ರಲ್ಲಿ ಸ್ವಾಮಿಯವರು ಆ ಕುಲದ ಒಂದು ಪ್ರಭೇದಕ್ಕೆ ಬೈಲಿಯವರ ಹೆಸರನ್ನಿಟ್ಟರು. ಗುರುದಕ್ಷಿಣೆಯ ಇಂಥ ರೀತಿ ಸಸ್ಯಶಾಸ್ತ್ರಜ್ಞರಿಗೆ ಮಾತ್ರ ಸಾಧ್ಯ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ದೀರ್ಘಕಾಲ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ಸೇವೆ ಸಲ್ಲಿಸಿದರು. ಶಿಷ್ಯರೊಡನೆ ಕಾಡು ಸುತ್ತಿದ ಅನುಭವವೇ ‘ಹಸುರು ಹೊನ್ನು’ ಆಗಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದಿತು. ಅದೇ ಗೌರವ 1967ರಲ್ಲಿ ತಂದೆಗೂ ಸಂದಿತ್ತು. ಪಂಡಿತರಿಗೆ ‘ಶಾಸನಗಳಲ್ಲಿ ಗಿಡಮರಗಳು’ ಹೆಚ್ಚು ಪ್ರಿಯವಾದೀತು. ಶಾಸನವನ್ನೂ ಗಿಡವನ್ನೂ ಸಮನಾಗಿ ಓದಬಲ್ಲವರು ಎಷ್ಟು ಜನ?

1980ರ ನವೆಂಬರಿನಲ್ಲಿ ಸ್ವಾಮಿಯವರು ಕಾಲವಶರಾದರು. ಏಳು ವರ್ಷಗಳ ತರುವಾಯ ಅಮೆರಿಕದ ಕಾರ್ಲ್‌ಕ್ವಿಸ್ಟ್ ಎಂಬ ವಿದ್ವಾಂಸರು ಸಾರ್ಕಾಂಡ್ರಾವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅದರಲ್ಲಿ ನಾಳಗಳಿದ್ದವು. ಅಡ್ಡಗೋಡೆಯ ಪೊರೆ ಪೂರ್ತಿಯಾಗಿ ಹರಿಯದೆ ಅಲ್ಲಲ್ಲಿ ಉಳಿದಿದ್ದ, ನಾಳವೋ ಅಲ್ಲವೋ ಎಂಬಂಥ ನಾಳಗಳು. ಮೂವತ್ತೇಳು ವರ್ಷ ನಿಂತಿದ್ದ ಸಿದ್ಧಾಂತವು ಹೀಗೆ ಸಡಿಲವಾಯಿತು. 1950ರ ಸೂಕ್ಷ್ಮದರ್ಶಕದಲ್ಲಿ ಈ ನವಿರು ತೂತುಗಳನ್ನು ಗುರುತಿಸುವುದು ಬಹು ಕಷ್ಟವಾಗಿತ್ತೆಂಬುದನ್ನು ಮರೆತು ಹಿರಿಯರನ್ನು ಹಳಿಯುವುದು ನ್ಯಾಯವಲ್ಲ. ಕಾರ್ಲ್‌ಕ್ವಿಸ್ಟರಿಗೆ ಆ ನಾಳಗಳು ದೊರೆತುದು ಬೇರಿನ ದಾರುವಿನಲ್ಲಿ.