ಕ್ಷೌರದಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಮೆದುಳಿನ ಗುಟ್ಟು ಬಿಡಿಸಿದ: ಇದು ನರವಿಜ್ಞಾನಿ ಕಹಾಲ್ ಬದುಕಿನ ಕಥೆ

ಬೆಳೆಯುತ್ತಿರುವ ನರತಂತುವಿನ ತುದಿಯಲ್ಲಿ ಬೆರಳಿನಂಥ ಚಾಚುಗಳಿರುತ್ತವೆ. ಅವು ಗಟ್ಟಿಯಾಗಿ ಅಂಟಿಕೊಳ್ಳಲು ಫಾರ್ಮಿನ್-2 ಎಂಬ ಪ್ರೋಟೀನ್ ಬೇಕು, ಅದು ಕಡಿಮೆಯಾದರೆ ತಂತು ದಾರಿ ತಪ್ಪುತ್ತದೆ ಎಂಬುದನ್ನು ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ (ಐಸರ್) ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ್ದರು. ಕೋಳಿ ಭ್ರೂಣದ ನರಕೋಶಗಳ ಮೇಲೆ ಅವರು ಈ ಅಧ್ಯಯನ ನಡೆಸಿದ್ದರು.

ಆ ತುದಿಯನ್ನು ಜಗತ್ತು ಮೊದಲು ಕಂಡಿದ್ದು 1890ರಲ್ಲಿ, ಅದೂ ಕೋಳಿ ಭ್ರೂಣದಲ್ಲೇ. ಕಂಡವರು ಸ್ಪೇನ್‌ನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್.

1852ರ ಮೇ 1ರಂದು ಪೆಟಿಲ್ಲಾ ಎಂಬ ಹಳ್ಳಿಯಲ್ಲಿ ಹುಟ್ಟಿದ ಕಹಾಲ್‌ಗೆ ಚಿತ್ರಕಾರನಾಗುವ ಆಸೆ. ವೈದ್ಯರಾಗಿದ್ದ ತಂದೆಗೆ ಅದು ಸುತಾರಾಂ ಇಷ್ಟವಿರಲಿಲ್ಲ. ತುಂಟ ಮಗನನ್ನು ಕ್ಷೌರದಂಗಡಿಗೆ, ನಂತರ ಶೂ ಹೊಲಿಯುವವರ ಬಳಿಗೆ ಕೆಲಸಕ್ಕೆ ಕಳಿಸಿದರು. ಕೊನೆಗೆ ವೈದ್ಯಕೀಯ ಓದಿದ ಕಹಾಲ್, ಸೇನಾ ವೈದ್ಯರಾಗಿ ಕ್ಯೂಬಾಗೆ ಹೋಗಿ ಮಲೇರಿಯಾದಿಂದ ಬಳಲಿ ಮರಳಿದರು.

1887ರಲ್ಲಿ ಅವರ ಬದುಕು ತಿರುವು ಪಡೆಯಿತು. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಕಂಡುಹಿಡಿದಿದ್ದ, ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಹಿಡಿಸುವ ವಿಧಾನವನ್ನು ಮ್ಯಾಡ್ರಿಡ್‌ನಲ್ಲಿ ನೋಡಿದರು. ದಟ್ಟ ಕೋಶಗಳ ನಡುವೆ ಕೆಲವು ಮಾತ್ರ ಪೂರ್ತಿ ಕಪ್ಪಾಗಿ ಕಾಣುತ್ತಿದ್ದವು. ನರಮಂಡಲವೆಂದರೆ ಒಂದೇ ಹೆಣೆದ ಬಲೆ ಎಂಬುದು ಗಾಲ್ಜಿ ವಾದ. ಅವರದೇ ವಿಧಾನ ಬಳಸಿದ ಕಹಾಲ್‌ಗೆ ಕಂಡಿದ್ದು ಬೇರೆ: ಪ್ರತಿ ನರಕೋಶವೂ ಬಿಡಿ, ಒಂದರ ತುದಿ ಇನ್ನೊಂದರ ಪಕ್ಕಕ್ಕೆ ಬಂದು ನಿಲ್ಲುತ್ತದೆ.

1888ರಲ್ಲಿ ತಾವೇ ಒಂದು ನಿಯತಕಾಲಿಕ ಆರಂಭಿಸಿ ಇದನ್ನು ಪ್ರಕಟಿಸಿದರು. ಆದರೆ ಹೊರದೇಶದ ವಿಜ್ಞಾನಿಗಳಲ್ಲಿ ಸ್ಪ್ಯಾನಿಷ್ ಬಲ್ಲವರು ವಿರಳ. ಮರುವರ್ಷ ಸ್ಲೈಡ್‌ಗಳೊಂದಿಗೆ ಬರ್ಲಿನ್‌ಗೇ ಹೋದರು. ಹಿರಿಯ ವಿಜ್ಞಾನಿ ಆಲ್ಬರ್ಟ್ ಕೊಲ್ಲಿಕರ್ ಅವನ್ನು ನೋಡಿ ಕಹಾಲ್ ಪರ ನಿಂತರು. 1906ರಲ್ಲಿ ನೊಬೆಲ್ ಪ್ರಶಸ್ತಿ ಗಾಲ್ಜಿ, ಕಹಾಲ್ ಇಬ್ಬರಿಗೂ ಸಂದಿತು. ಗಾಲ್ಜಿ ನೊಬೆಲ್ ಉಪನ್ಯಾಸದಲ್ಲೂ ತಮ್ಮ ಪಟ್ಟು ಬಿಡಲಿಲ್ಲ.

ಕಹಾಲ್ 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ನಿಧನರಾದರು. ಕೋಶಗಳ ನಡುವಿನ ಸಂಧಿಯಲ್ಲಿ, ಅಂದರೆ ಸಿನಾಪ್ಸ್‌ನಲ್ಲಿ, ನಿಜಕ್ಕೂ ಅಂತರವಿದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ್ದು 1950ರ ದಶಕದಲ್ಲಿ.

ಹಾಗಾದರೆ ಬಿಡಿ ಕೋಶಗಳನ್ನು ಅಲ್ಲಿ ಜೋಡಿಸಿಡುವುದೇನು? ಅಂಟು ಪ್ರೋಟೀನ್‌ಗಳು. ಸಂದೇಶ ಕಳಿಸುವ ಕಡೆ ನ್ಯೂರೆಕ್ಸಿನ್, ಪಡೆಯುವ ಕಡೆ ನ್ಯೂರೋಲಿಜಿನ್. ಇವೆರಡೂ ಗುಂಡಿ-ಕಾಜಾದಂತೆ ಕೂಡಿಕೊಳ್ಳುತ್ತವೆ. ನ್ಯೂರೋಲಿಜಿನ್-1 ಮುಖ್ಯವಾಗಿ ಕೋಶವನ್ನು ಪ್ರಚೋದಿಸುವ ಸಿನಾಪ್ಸ್‌ಗಳಲ್ಲಿದ್ದರೆ, ನ್ಯೂರೋಲಿಜಿನ್-2 ಅದನ್ನು ತಡೆಯುವ ಸಿನಾಪ್ಸ್‌ಗಳಲ್ಲಿರುತ್ತದೆ. ಒಂದು ವೇಗ ಕೊಟ್ಟರೆ ಇನ್ನೊಂದು ಬ್ರೇಕ್ ಹಾಕುತ್ತದೆ. ಎರಡೂ ಹದದಲ್ಲಿದ್ದರಷ್ಟೇ ಮೆದುಳು ಸರಿಯಾಗಿ ಕೆಲಸ ಮಾಡುತ್ತದೆ. ಇದೇ ಕುಟುಂಬದ ನ್ಯೂರೋಲಿಜಿನ್-3 ಮತ್ತು 4ರ ಜೀನ್‌ಗಳಲ್ಲಿನ ದೋಷಕ್ಕೂ ಆಟಿಸಂಗೂ ನಂಟಿದೆ ಎಂದು 2003ರಲ್ಲಿ ವರದಿಯಾಯಿತು.

ಈ ಪ್ರೋಟೀನ್‌ಗಳ ಹೆಸರೂ ಕಹಾಲ್‌ಗೆ ಗೊತ್ತಿರಲಿಲ್ಲ. ಆದರೆ ಅವುಗಳನ್ನು ಎಲ್ಲಿ ಹುಡುಕಬೇಕೆಂಬುದು, ತಂದೆ ಬೇಡವೆಂದಿದ್ದ ಚಿತ್ರಕಲೆಯಿಂದಲೇ ಅವರು ಬರೆದಿಟ್ಟ ನರಕೋಶಗಳ ಚಿತ್ರಗಳಲ್ಲಿತ್ತು.