ರೋಮನ್ ನಾಣ್ಯಗಳ ಜಾಡು ಹಿಡಿದ ಬಳ್ಳಾರಿ ಕಲೆಕ್ಟರ್

ಹಂಪಿಯ ಇತಿಹಾಸ ಬಲ್ಲವರಿಗೆ ರಾಬರ್ಟ್ ಸೆವೆಲ್ ಹೆಸರು ಹೊಸತಲ್ಲ. ಪೋರ್ಚುಗೀಸರಾದ ಪೇಸ್ ಮತ್ತು ನೂನಿಜ್ ಅವರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು, 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಗ್ರಂಥದ ಮೂಲಕ ವಿಜಯನಗರವನ್ನು ಲೋಕಕ್ಕೆ ಪರಿಚಯಿಸಿದವರು ಅವರು. ದಕ್ಷಿಣ ಭಾರತದಲ್ಲಿ ದೊರೆತ ರೋಮನ್ ನಾಣ್ಯಗಳಿಗೆ ಲೆಕ್ಕ ಇಟ್ಟವರೂ ಅವರೇ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

1845ರಲ್ಲಿ ಜನಿಸಿದ ಸೆವೆಲ್ ಮದರಾಸು ಸಿವಿಲ್ ಸೇವೆಗೆ ಸೇರಿದರು. 1877ರಲ್ಲಿ ಅಮರಾವತಿ ಸ್ತೂಪದ ಉತ್ಖನನ ನಡೆಸಿದರು. ಮದರಾಸು ಪ್ರಾಂತ್ಯದ ಪ್ರಾಚೀನ ಅವಶೇಷಗಳ ಪಟ್ಟಿಯನ್ನು 1882 ಮತ್ತು 1884ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ಕುರುಗೋಡಿನ ಗುಡಿಗಳೂ ತುಂಗಭದ್ರೆಯ ದಡದ ಸಿರುಗುಪ್ಪವೂ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಕಲೆಕ್ಟರ್ ಆಗಿ ಕೆಲಸ ಮಾಡಿದರು. ಇಲ್ಲಿನ ಬೂದಿ ದಿಬ್ಬಗಳ ಬಗೆಗೂ 1899ರಲ್ಲಿ ಲೇಖನ ಬರೆದರು.

ನಿವೃತ್ತಿಯ ನಂತರ, 1904ರಲ್ಲಿ, ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ನಾಣ್ಯಗಳ ಕುರಿತ ಅವರ ದೀರ್ಘ ಪ್ರಬಂಧ ಪ್ರಕಟವಾಯಿತು. ಯಾವ ಊರಿನಲ್ಲಿ, ಯಾವಾಗ, ಯಾವ ಚಕ್ರವರ್ತಿಯ ನಾಣ್ಯ ದೊರೆಯಿತು ಎಂಬ ವಿವರಗಳನ್ನು ಅದರಲ್ಲಿ ಒಂದೆಡೆ ಸೇರಿಸಿದರು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಮಾರ್ಗಕ್ಕಾಗಿ ನೆಲ ಅಗೆದಾಗ 163 ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಹೀಗೆ ಸಿಕ್ಕ ಬೆಳ್ಳಿ ಅಕ್ಕಸಾಲಿಗರ ಮೂಸೆ ಸೇರಿದರೆ ಇತಿಹಾಸವೂ ಕರಗಿಹೋಗುತ್ತದೆ. ಸೆವೆಲ್ ಪಟ್ಟಿಯ ಬೆಲೆ ಇರುವುದು ಇಲ್ಲಿಯೇ.

ಇಲ್ಲಿ ಹೆಚ್ಚಾಗಿ ದೊರೆಯುವ ಬೆಳ್ಳಿಯ ‘ಡಿನಾರಿಯಸ್’ಗಳು ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಎರಡರಲ್ಲೂ ಮುಮ್ಮುಖದಲ್ಲಿ ಚಕ್ರವರ್ತಿಯ ತಲೆಯಿದೆ. ಅಗಸ್ಟಸ್‌ನ ನಾಣ್ಯದ ಹಿಮ್ಮುಖದಲ್ಲಿ ಅವನ ದತ್ತುಪುತ್ರರಾದ ಗೇಯಸ್ ಮತ್ತು ಲೂಸಿಯಸ್ ಗುರಾಣಿ, ಈಟಿಗಳೊಂದಿಗೆ ನಿಂತಿದ್ದಾರೆ. ಟೈಬೀರಿಯಸ್‌ನ ನಾಣ್ಯದಲ್ಲಿ ರಾಜದಂಡ ಮತ್ತು ರೆಂಬೆ ಹಿಡಿದು ಕುಳಿತ ಸ್ತ್ರೀಯ ಚಿತ್ರವಿದೆ.

ನೀರೋ ಮಡಿದ ಕ್ರಿ.ಶ. 68ರ ನಂತರ ರೋಮ್‌ನಲ್ಲಿ ವಿಲಾಸ ಕುಗ್ಗಿ, ಭಾರತದೊಂದಿಗಿನ ವ್ಯಾಪಾರ ಇಳಿಯಿತು ಎಂದು ಸೆವೆಲ್ ತರ್ಕಿಸಿದ್ದರು. ಮುಂದಿನ ವಿದ್ವಾಂಸರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದ್ದರಿಂದ, ಇಲ್ಲಿನ ವರ್ತಕರು ಹಳೆಯ ನಾಣ್ಯಗಳನ್ನೇ ಬಯಸಿರಬೇಕು ಎಂಬುದು ಅವರ ವಾದ. ಹಾಗಾಗಿ ನಾಣ್ಯದ ಮೇಲಿನ ಮುಖ, ಅದು ಇಲ್ಲಿಗೆ ಬಂದ ಕಾಲವನ್ನು ಹೇಳಲಾರದು. 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಚಂದ್ರವಳ್ಳಿ ಉತ್ಖನನದಲ್ಲಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ದೊರೆತು, ಕನ್ನಡ ನಾಡಿನ ಹೊರವ್ಯಾಪಾರಕ್ಕೆ ಮಣ್ಣಿನ ಪದರಗಳಿಂದಲೇ ಸಾಕ್ಷ್ಯ ಒದಗಿತು.

ಸೆವೆಲ್ 1925ರಲ್ಲಿ ನಿಧನರಾದರು. ದಕ್ಷಿಣ ಭಾರತದ ಐತಿಹಾಸಿಕ ಶಾಸನಗಳ ಕುರಿತ ಅವರ ಗ್ರಂಥ 1932ರಲ್ಲಿ ಹೊರಬಂದಿತು. ಅವರ ತರ್ಕಗಳನ್ನು ಕಾಲ ತಿದ್ದಿದೆ. ಅವರು ಬರೆದಿಟ್ಟ ಊರು, ವರ್ಷ, ನಾಣ್ಯಗಳ ವಿವರ ಇಂದಿಗೂ ಸಂಶೋಧಕರ ಆಧಾರವಾಗಿದೆ.